ಬೀಡು ಮತ್ತು ಊರು: ಹತ್ತನೆಯ ಶತಮಾನದ ದಂಡಿನವನ ಹಂಬಲ

ಹಳಗನ್ನಡದಲ್ಲಿ ದಂಡು ತಂಗಿದ ಎಡೆಗೆ ‘ಬೀಡು’ ಎಂದು ಹೆಸರು. ‘ಬಿಡು’ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಪಯಣವನ್ನು ನಿಲ್ಲಿಸಿ ಇಳಿದ ಜಾಗ ಎಂಬ ಅರ್ಥವಿದೆ. ತಮಿಳಿನ ‘ವೀಡು’ ಇದರ ಜ್ಞಾತಿಪದ. ಅಲ್ಲಿ ಅದು ಮನೆ. ತುಳುನಾಡಿನಲ್ಲಿ ಜೈನ ಅರಸುಮನೆತನಗಳ ವಾಸಗೃಹವೂ ‘ಬೀಡು’. ಶಾಸನಗಳ ‘ನೆಲೆವೀಡು’ ರಾಜಧಾನಿಯೇ ಆಗಿಬಿಡುತ್ತದೆ. ಅಂದರೆ ಅರಸನ ಪಾಲಿಗೆ ಪಾಳೆಯಕ್ಕೂ ಮನೆಗೂ ನಡುವೆ ಗೆರೆ ತೆಳುವಾದುದು. ಅವನು ಇಳಿದಲ್ಲಿಯೇ ಅವನ ಮನೆ. ಅದೇ ಬೀಡಿನಲ್ಲಿ ಇರುಳು ಕಳೆದ ಭಟನ ಮನೆ ಎಲ್ಲಿತ್ತೆಂಬುದನ್ನು ಈ ಪದ ಹೇಳುವುದಿಲ್ಲ. ಅದನ್ನು ಬೇರೆಡೆ ಹುಡುಕಬೇಕು.

ಹುಡುಕಾಟಕ್ಕೆ ಹತ್ತನೆಯ ಶತಮಾನದ ನಡುಗಾಲ ಅನುಕೂಲವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಇಮ್ಮಡಿ ಬೂತುಗನೊಡನೆ ಚೋಳರ ಮೇಲೆ ದಂಡೆತ್ತಿ ಹೋದನು. ಇಂದಿನ ಅರಕ್ಕೋಣಂ ಸಮೀಪದ ತಕ್ಕೋಲದಲ್ಲಿ 949ರಲ್ಲಿ ನಡೆದ ಕಾಳಗದಲ್ಲಿ ಚೋಳ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ಗೆಲುವಿನೊಂದಿಗೆ ದಂಡಯಾತ್ರೆಗಳ ಕಾಲ ಮುಗಿಯಲಿಲ್ಲ. 959ರ ಕರ್ಹಾಡ ತಾಮ್ರಪಟಗಳು ಹೊರಟಾಗ ಕೃಷ್ಣನು ತೆಂಕಣದ ಮೇಲ್ಪಾಟಿಯಲ್ಲಿ ಬೀಡುಬಿಟ್ಟು, ಗೆದ್ದ ನಾಡುಗಳನ್ನು ತನ್ನವರಿಗೆ ಹಂಚುತ್ತಿದ್ದನು. ಅದೇ ವರ್ಷ ಸೋಮದೇವಸೂರಿ ‘ಯಶಸ್ತಿಲಕ’ವನ್ನು ಮುಗಿಸಿ, ಕೃಷ್ಣನು ಮೇಲ್ಪಾಟಿಯಲ್ಲಿರುವುದನ್ನು ಗ್ರಂಥಾಂತ್ಯದಲ್ಲಿ ದಾಖಲಿಸುತ್ತಾನೆ. ತಕ್ಕೋಲಕ್ಕೂ ಇದಕ್ಕೂ ಹತ್ತು ವರ್ಷಗಳ ಅಂತರ. ತಾಮ್ರಪಟಕ್ಕಾಗಲಿ ಚಂಪೂಕವಿಗಾಗಲಿ ಆ ಬೀಡು ವೈಭವದ ನೆಲೆ. ಅಲ್ಲಿ ಅಡುಗೆಗೆ ಸೌದೆ ತಂದವನ, ಆನೆಗೆ ಮೇವು ಹಾಕಿದವನ, ಎಷ್ಟು ಮಳೆಗಾಲ ಕಳೆಯಿತೆಂದು ಎಣಿಸಿದವನ ಮಾತು ಈ ಎರಡರಲ್ಲಿಯೂ ಇಲ್ಲ.

ಭಟನನ್ನು ಒಡೆಯನಿಗೆ ಕಟ್ಟಿದ ನಂಟಿಗೆ ಕನ್ನಡ ‘ಜೋಳವಾಳಿ’ ಎನ್ನುತ್ತದೆ: ಉಂಡ ಜೋಳದ ಋಣ, ಅದನ್ನು ಪ್ರಾಣಕೊಟ್ಟು ತೀರಿಸುವ ಕಟ್ಟು. ಎಂ. ಚಿದಾನಂದಮೂರ್ತಿಯವರು 1966ರ ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಇದನ್ನೂ ವೇಳೆವಾಳಿ, ಲೆಂಕವಾಳಿಗಳನ್ನೂ ಬಿಡಿಸಿ ತೋರಿಸಿದ್ದಾರೆ. ಈ ಪದವನ್ನು ನಿಷ್ಠೆಯ ಪರಿಭಾಷೆಯೆಂದು ಓದುವುದೇ ರೂಢಿ. ಅದರೊಳಗಿನ ಧಾನ್ಯದ ಮೇಲೆ ಕಣ್ಣು ನಿಲ್ಲುವುದು ಅಪರೂಪ. ಜೋಳ ಬೆಳ್ವೊಲದಂತಹ ಕರಿನೆಲದ ಬೆಳೆ. ನೆಲ್ಲಿನ ಸೀಮೆಯಲ್ಲಿ ಬೀಡುಬಿಟ್ಟಾಗಲೂ ಆಳಿನ ಋಣಕ್ಕೆ ಅವನ ಊರಿನ ಕಾಳಿನದೇ ಹೆಸರು.

ತಕ್ಕೋಲದ ದಂಡಿನಲ್ಲಿದ್ದ ಒಬ್ಬನನ್ನು ಹೆಸರು ಹಿಡಿದು ಗುರುತಿಸಬಹುದು: ಬೂತುಗನ ಆಳು ಮಣಲೆರ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ (ಶಕ 872, ಸೌಮ್ಯ ಸಂವತ್ಸರ) ಅವನನ್ನು ಸಗರವಂಶದವನೆಂದು, ವಳಭೀಪುರದ ಒಡೆಯನೆಂದು ಬಿರುದುಗಳಿಂದ ಹೊಗಳುತ್ತದೆ. ಆಳಿನ ಶೌರ್ಯಕ್ಕೆ ಮೆಚ್ಚಿದ ಬೂತುಗನು ಬೇಕಾದುದನ್ನು ಕೇಳೆಂದಾಗ ಮಣಲೆರ ಬೇಡಿದುದು ಪದವಿಯನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ನಾಯಿಯನ್ನು ಪಡೆದು ಅವನು ತನ್ನ ಸೀಮೆಗೆ ಮರಳಿದನು. ಬೆಳತೂರಿನ ಬೆಟ್ಟದ ಬಳಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಕೂಡಿಯೇ ಸತ್ತವು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಫಲಕದಲ್ಲಿ ಕೆತ್ತಿರುವುದು ತಕ್ಕೋಲವನ್ನಲ್ಲ, ಈ ಹೋರಾಟವನ್ನು.

ಇತಿಹಾಸಕಾರರು ಈ ಶಾಸನವನ್ನು ರಾಜಾದಿತ್ಯನ ಸಾವಿಗಾಗಿ ಓದಿದ್ದಾರೆ. ನಾಯಿ ಅವರಿಗೆ ಕುತೂಹಲದ ಪ್ರಸಂಗ. ಕಲ್ಲಿನ ರಚನೆಯೇ ಈ ಓದಿಗೆ ಎದುರಾಗಿದೆ. ಮಣಲೆರನ ಪಾಲಿಗೆ ಸೇವೆಯ ಫಲವೆಂದರೆ ಊರಿಗೆ ಕರೆದೊಯ್ಯಬಹುದಾದ ಒಂದು ಜೀವ, ಊರ ಬೆಟ್ಟದಲ್ಲಿ ಬೇಟೆಯಾಡುವ ಬಿಡುವು. ಅವನಿಗೆ ಆತಕೂರು ಹನ್ನೆರಡೂ ಬೆಳ್ವೊಲದ ಒಂದು ಊರೂ ‘ಬಾಳ್ಗಳ್ಚು’ ಆಗಿ ದೊರೆತವೆಂಬುದೂ ನಿಜ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ: ಕತ್ತಿ ತೊಳೆದುದಕ್ಕೆ ಕೊಟ್ಟ ನೆಲ. ಆದರೆ ಬಾಯ್ದೆರೆದು ಕೇಳಿದುದೆಂದು ಕಲ್ಲು ದಾಖಲಿಸಿರುವುದು ನಾಯಿಯನ್ನು.

ಇದೇ ಶಾಸನದಲ್ಲಿ ಮತ್ತೊಂದು ಪಟ್ಟಿಯಿದೆ. ರಾಜಾದಿತ್ಯನನ್ನು ಕೊಂದುದಕ್ಕೆ ಕೃಷ್ಣನು ಬೂತುಗನಿಗೆ ಕೊಟ್ಟ ನಾಡುಗಳು: ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ‘ಬನವಾಸಿ’ ಎಂಬ ಹೆಸರನ್ನು ಇಲ್ಲಿ ಕಂಡ ಕನ್ನಡ ಓದುಗನಿಗೆ ಪಂಪ ನೆನಪಾಗದಿರನು. ಅವನು ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದುದು 941ರಲ್ಲಿ, ತಕ್ಕೋಲಕ್ಕೆ ಎಂಟು ವರ್ಷ ಮೊದಲು. ಬರೆದುದು ಬನವಾಸಿಯಿಂದ ಬಹುದೂರ, ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಆಳುತ್ತಿದ್ದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿ. ಅರಿಕೇಸರಿಯೂ ರಾಷ್ಟ್ರಕೂಟರ ಸಾಮಂತ. ಪಂಪನ ತಮ್ಮ ಜಿನವಲ್ಲಭನ ಗಂಗಾಧರಂ ಶಾಸನದ ಪ್ರಕಾರ ಅವರ ತಂದೆಯ ಕಡೆ ವೆಂಗಿಮಂಡಲ. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು.

ನಾಲ್ಕನೆಯ ಆಶ್ವಾಸದ ಬನವಾಸಿಯ ವರ್ಣನೆ ಎಲ್ಲರಿಗೂ ಪರಿಚಿತ: ತೆಂಕಣ ಗಾಳಿ, ಇಂಪಾದ ಗೀತ, ಅರಳಿದ ಮಲ್ಲಿಗೆ, ದುಂಬಿಯಾಗಿಯೋ ಕೋಗಿಲೆಯಾಗಿಯೋ ಅಲ್ಲಿ ಹುಟ್ಟುವ ಆಸೆ. ಇಲ್ಲಿ ಒಂದು ತೊಡಕಿದೆ. ಕಥೆಯಲ್ಲಿ ಅರ್ಜುನನು ಬನವಾಸಿಯನ್ನು ಸೇರಿಯೇ ಇದ್ದಾನೆ. ಎದುರಿಗಿರುವ ನಾಡನ್ನು ಯಾರೂ ‘ನೆನೆಯು’ವುದಿಲ್ಲ. ನೆನೆಯುವ ದನಿ ದೂರದಲ್ಲಿರುವವನದು. ಕವಿಯೇ ಪಾತ್ರವನ್ನು ಸರಿಸಿ ಮಾತಾಡಿದ್ದಾನೆಂಬ ಹಳೆಯ ಅಭಿಪ್ರಾಯಕ್ಕೆ ಈ ಕ್ರಿಯಾಪದಕ್ಕಿಂತ ಬಲವಾದ ಆಧಾರ ಬೇಡ. ಇಷ್ಟರಿಂದ ಪಂಪನ ಜೀವನಚರಿತ್ರೆಯನ್ನು ಕಟ್ಟುವುದು ಮಾತ್ರ ಅತಿಯಾದೀತು. ಅವನನ್ನು ಕವಿಯೂ ಕಲಿಯೂ ಎಂದು ಪರಂಪರೆ ಗುರುತಿಸಿದೆ. ಯಾವ ಬೀಡಿನಲ್ಲಿ ಯಾವ ಇರುಳು ಅವನಿಗೆ ಬನವಾಸಿ ನೆನಪಾಯಿತೆಂದು ಪದ್ಯದಿಂದ ಹಿಂಡಿ ತೆಗೆಯಲಾಗದು.

ಆದರೂ ಆ ಸುಕುಮಾರ ಸರಣಿಯ ನಡುವೆ ಒಂದು ಗಡುಸು ವಸ್ತುವಿದೆ: ಅಂಕುಶ. ತಿವಿದು ತಡೆದರೂ ಮನಸ್ಸು ಅತ್ತಲೇ ಎಳೆಯುತ್ತದೆಂಬ ಭಾವಕ್ಕೆ ಕವಿ ಮಾವಂತನ ಆಯುಧವನ್ನು ಕರೆತಂದಿದ್ದಾನೆ. ಮಲ್ಲಿಗೆ, ಕೋಗಿಲೆಗಳು ಕಾವ್ಯಪರಂಪರೆಯಿಂದ ಬಂದಿರಬಹುದು. ಅಂಕುಶದ ಗುರುತು ಆನೆಲಾಯದ ಬಳಿ ಬಾಳಿದವನಿಗೆ ಸಹಜ. ಒಡೆಯನ ಕೈಯಲ್ಲಿ ಅಂಕುಶ, ಸೆಣಸುವ ಆನೆಯ ಒಳಗೆ ಕಾಡು: ಜೋಳವಾಳಿಯ ಕಟ್ಟಿನಲ್ಲಿದ್ದವನ ಸ್ಥಿತಿಗೆ ಇದಕ್ಕಿಂತ ನಿಖರವಾದ ಚಿತ್ರ ಆ ಕಾಲದ ಕನ್ನಡದಲ್ಲಿ ಸಿಗುವುದು ಕಷ್ಟ.

ಎಂಟು ವರ್ಷಗಳ ಅಂತರದಲ್ಲಿ ಒಂದೇ ನಾಡು ಎರಡು ಕಡೆ ಬರಹಕ್ಕಿಳಿದಿದೆ. ಒಂದು ಕಡೆ ಅದು ಗಾಳಿ ಮತ್ತು ಕಂಪು, ಇನ್ನೊಂದು ಕಡೆ 12000 ಎಂಬ ಸಂಖ್ಯೆ. ಅಬ್ಬಣಬ್ಬೆಯ ತವರಾದ ಬೆಳ್ವೊಲವೂ ಅದೇ ಪಟ್ಟಿಯಲ್ಲಿ 300 ಆಗಿ ಕೈಬದಲಾಯಿತು. ಹಂಬಲಿಸಿದವರಿಗೂ ಹಂಚಿದವರಿಗೂ ನಡುವೆ ಮಣಲೆರನಂತಹವರು ತಮ್ಮ ಪಾಲಿನ ಊರಿಗೆ ಮರಳಿ ಕೆರೆಯ ಕೆಳಗಿನ ಗದ್ದೆಯ ಲೆಕ್ಕ ನೋಡಿದರು.

ಕಾಳಿಯ ಕಲ್ಲನ್ನು ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ನೆಲವನ್ನು ಅದಕ್ಕೆ ಬಿಡಲಾಯಿತು. ಆ ನೆಲವನ್ನು ಕೆಡಿಸಿದವನಿಗೆ ಆ ನಾಯಿ ಮಾಡಿದ ಪಾಪವೆಂದು ಶಾಸನ ವಿಧಿಸುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ.