ಮತದ ಹಕ್ಕು, ಶಾಲೆಯ ಪಾಠ: ಕಾಸರಗೋಡಿನ ಬಾಲಕಿಯರ ರಾಜಕೀಯ ಶಿಕ್ಷಣ

1921ರಲ್ಲಿ ಮದರಾಸು ಶಾಸನ ಪರಿಷತ್ತು ಮಹಿಳೆಯರ ಮತದಾನಕ್ಕಿದ್ದ ತಡೆಯನ್ನು ನಿವಾರಿಸಿದಾಗ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿತ್ತು. 1926ರಲ್ಲಿ ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯ ಅದೇ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಆಸ್ತಿಯ ಅರ್ಹತೆ ಉಳಿದಿದ್ದರಿಂದ ಮತದಾರರ ಪಟ್ಟಿಗೆ ಸೇರಿದ ಮಹಿಳೆಯರು ಕೆಲವರೇ. 1950ರ ಸಂವಿಧಾನ ಆ ಅಡ್ಡಿಯನ್ನೂ ಕಳೆಯಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 2009ರ ತಿದ್ದುಪಡಿಯಿಂದ ಅಲ್ಲಿನ ಸ್ಥಳೀಯ ಸಂಸ್ಥೆಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು.

ಕನ್ನಡ ಮಾಧ್ಯಮದ ಬಾಲಕಿ ಗ್ರಾಮಸಭೆಯ ಪಾಠವನ್ನು ಕನ್ನಡದಲ್ಲಿ ಓದುತ್ತಾಳೆ. ಆಡಳಿತದ ಕಡತಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಮುಂದೆ ಸದಸ್ಯೆಯಾದಾಗ ಆ ಭಾಷೆ ಓದಲು ಬಾರದಿದ್ದರೆ, ಸಹಿ ಅವಳದು, ತೀರ್ಮಾನ ಓದಿ ಹೇಳಿದವನದು. ಮೀಸಲಾತಿ ತಂದ ಸಮಾನತೆ ಅಲ್ಲಿಗೇ ಕುಂದುತ್ತದೆ. ಕಡತ ಕನ್ನಡದಲ್ಲೂ ಸಿಗಬೇಕು. ಠರಾವನ್ನು ಓದಿ ಪ್ರಶ್ನಿಸುವ ಅಭ್ಯಾಸ ತರಗತಿಯಲ್ಲೇ ಮೊದಲಾಗಬೇಕು.