ಮಾಂಟ್ರೋಸ್ ವಾಯುನೆಲೆಯ ದೆವ್ವ: ಐತಿಹ್ಯ ಮತ್ತು ದಾಖಲೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮಾಂಟ್ರೋಸ್ ಪಟ್ಟಣದ ಬ್ರೂಮ್‌ಫೀಲ್ಡ್ ವಾಯುನೆಲೆಯಲ್ಲಿ ಎರಡು ಮಹಾಯುದ್ಧಗಳ ಕಾಲದಲ್ಲೂ ಪೈಲಟ್‌ಗಳಿಗೆ ತರಬೇತಿ ನಡೆಯಿತು. ಅದೀಗ ವಸ್ತುಸಂಗ್ರಹಾಲಯವಾಗಿದೆ. ಈ ನೆಲೆಯ ಹೆಸರಿನ ಜೊತೆಗೇ ಲೆಫ್ಟಿನೆಂಟ್ ಡೆಸ್ಮಂಡ್ ಆರ್ಥರ್‌ನ ದೆವ್ವದ ಕಥೆಯೂ ಅಂಟಿಕೊಂಡು ಬಂದಿದೆ. 1916ರ ಶರತ್ಕಾಲದಲ್ಲಿ ಮೇಜರ್ ಸಿರಿಲ್ ಫಾಗಿನ್ ಎಂಬ ಅಧಿಕಾರಿ, ಹಾರಾಟದ ಉಡುಪು ತೊಟ್ಟ ಆಕೃತಿಯೊಂದು ಮೆಸ್ಸಿನ ಬಾಗಿಲವರೆಗೆ ನಡೆದುಹೋಗಿ ಮಾಯವಾದದ್ದನ್ನು ಕಂಡನಂತೆ.

ಆರ್ಥರ್‌ನ ಸಾವಿನಲ್ಲಿ ಐತಿಹ್ಯದ ಸೋಂಕಿಲ್ಲ. 1913ರ ಮೇ 27ರಂದು ಅವನ ಬಿ.ಇ.2 ವಿಮಾನದ ಬಲ ರೆಕ್ಕೆ ಆಕಾಶದಲ್ಲೇ ಮುರಿಯಿತು. ಹೊರಗೆಸೆಯಲ್ಪಟ್ಟ ಆತ ನೆಲಕ್ಕಪ್ಪಳಿಸಿ ಸತ್ತ. ರಾಯಲ್ ಏರೋ ಕ್ಲಬ್ಬಿನ ತನಿಖಾ ಸಮಿತಿ ಅವಶೇಷಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಘೋರ ಸಂಗತಿ. ರೆಕ್ಕೆಯ ಉದ್ದಕ್ಕೂ ಹಾಯುವ ಮರದ ಮುಖ್ಯ ತೊಲೆ ತುದಿಯ ಹತ್ತಿರ ಹಿಂದೆಯೇ ಮುರಿದಿತ್ತು. ಅದನ್ನು ಯಾರೋ ಒರಟಾಗಿ ಬೆಸೆದು, ಮೇಲೆ ಬಟ್ಟೆ ಹೊದಿಸಿ ಮುಚ್ಚಿದ್ದರು. ಮೇಲಧಿಕಾರಿಗಳಿಗೆ ತಿಳಿಸದೆ ಮಾಡಿದ ಆ ಕೆಲಸ ಒಬ್ಬನ ಪ್ರಾಣ ತೆಗೆಯಿತು.

ಇನ್ನು ದೆವ್ವದ ವಿಚಾರ. ಮೊದಲ ತೊಡಕು ಸ್ಥಳದ್ದು. ಆರ್ಥರ್ ಬದುಕಿದ್ದಾಗ ಅವನ ಎರಡನೇ ಸ್ಕ್ವಾಡ್ರನ್ ಇದ್ದದ್ದು ಪಟ್ಟಣದ ದಕ್ಷಿಣಕ್ಕೆ ಕೆಲವು ಮೈಲಿ ದೂರದ ಅಪ್ಪರ್ ಡೈಸಾರ್ಟ್‌ನಲ್ಲಿ. ಅದು ಉತ್ತರದ ಬ್ರೂಮ್‌ಫೀಲ್ಡ್‌ಗೆ ಬಂದದ್ದು ಅವನು ತೀರಿಕೊಂಡು ತಿಂಗಳುಗಳು ಕಳೆದ ಮೇಲೆ. ಅಂದರೆ ಅವನು ಸತ್ತಾಗ ಇನ್ನೂ ನೆಲೆಯೇ ಇರದಿದ್ದ ಜಾಗದ ಮೆಸ್ಸಿಗೆ ಅವನ ದೆವ್ವ ಬರತೊಡಗಿತು!

ಎರಡನೆಯದು ಕಾಲದ ಹೊಂದಾಣಿಕೆ. 1916ರಲ್ಲಿ ಸಂಸತ್ ಸದಸ್ಯ ನೋಯೆಲ್ ಪೆಂಬರ್ಟನ್ ಬಿಲ್ಲಿಂಗ್, ಅಧಿಕಾರಿಗಳ ಅಲಕ್ಷ್ಯದಿಂದ ಪೈಲಟ್‌ಗಳು ಸಾಯುತ್ತಿದ್ದಾರೆಂದು ಗುಡುಗಿದ. ನ್ಯಾಯಮೂರ್ತಿ ಬೈಲ್‌ಹಾಷ್ ನೇತೃತ್ವದ ವಿಚಾರಣಾ ಸಮಿತಿ ಆಗಸ್ಟ್‌ನಲ್ಲಿ ಮಧ್ಯಂತರ ವರದಿ ಕೊಟ್ಟಿತು. ಅದು ಸಾವಿನ ಹೊಣೆಯನ್ನು ತನ್ನ ಮೇಲೇ ಹೊರಿಸಿ ಹೆಸರಿಗೆ ಮಸಿ ಬಳಿಯಿತೆಂದು ಆರ್ಥರ್ ಎದ್ದು ಬಂದ, ಆ ಕಳಂಕ ತೊಡೆದ ಅಂತಿಮ ವರದಿ ಬಂದ ಮೇಲೆ ಶಾಂತನಾದ ಎನ್ನುತ್ತದೆ ಕಥೆ. ಈ ಕಥೆ ಹಬ್ಬಿದ್ದು ಮುಖ್ಯವಾಗಿ ಯುದ್ಧ ಮುಗಿದ ಮೇಲೆ, ‘ದಿ ಏರೋಪ್ಲೇನ್’ ಪತ್ರಿಕೆಯ ಸಂಪಾದಕ ಸಿ.ಜಿ. ಗ್ರೇ ಅವರ ಬರಹದಿಂದ. ಬಿ.ಇ.2 ವಿನ್ಯಾಸಗೊಳಿಸಿದ ಸರ್ಕಾರಿ ಕಾರ್ಖಾನೆಯ ಕಟು ಟೀಕಾಕಾರರೂ ಅವರೇ. ದೆವ್ವದ ನಡವಳಿಕೆ ಸಂಪಾದಕರ ವಾದಕ್ಕೆ ಇಷ್ಟು ಚೆನ್ನಾಗಿ ಒಗ್ಗಿರುವಾಗ ಸಂಶೋಧಕ ಎಚ್ಚರದಿಂದಿರಲೇಬೇಕು.

ಹಾಗೆಂದು ಕಂಡವರೆಲ್ಲ ಸುಳ್ಳು ಹೇಳಿದರೆಂದು ನಾನು ತೀರ್ಪು ಕೊಡಲಾರೆ. ಬ್ರೂಮ್‌ಫೀಲ್ಡ್‌ನಲ್ಲಿ ಕಲಿಯುವ ಹುಡುಗರು ವಿಮಾನ ಬಿದ್ದು ಸಾಯುತ್ತಿದ್ದರು. ಊಟದ ಮೇಜಿನಲ್ಲಿ ನಿನ್ನೆ ಜೊತೆಗಿದ್ದವನು ಇಂದು ಇರುತ್ತಿರಲಿಲ್ಲ. ಅಂಥ ಕಡೆ ಇರುಳಿನ ಹೆಜ್ಜೆ ಸಪ್ಪಳಕ್ಕೆ ಹೆಸರೊಂದು ಬೇಕಾಗುತ್ತದೆ. ಎರಡನೇ ಮಹಾಯುದ್ಧದ ಕಾಲದ ಬೇರೆ ದೆವ್ವದ ಕಥೆಗಳನ್ನೂ ಮುಂದೆ ಇದರೊಂದಿಗೇ ಸೇರಿಸಿ ಹೇಳುವ ರೂಢಿ ಬೆಳೆಯಿತು. ಅವನ್ನು ಬಿಡಿಸಿ, ಪ್ರತಿಯೊಂದನ್ನೂ ಅದರದರ ಕಾಲದಲ್ಲಿಟ್ಟು ನೋಡಬೇಕು. ಆರ್ಥರ್‌ನ ಮಟ್ಟಿಗಂತೂ ಅಧ್ಯಯನ ಹೊರಡಬೇಕಾದದ್ದು ಮೆಸ್ಸಿನ ಬಾಗಿಲಿನಿಂದಲ್ಲ, ಬಟ್ಟೆಯಡಿ ಬಚ್ಚಿಟ್ಟ ಆ ಬೆಸುಗೆಯಿಂದ.