ಕಡ್ಡಿಗೆ ಒಗ್ಗದ ಉಣ್ಣೆ

ಕನ್ನಡದಲ್ಲಿ ‘ಉಲ್ಲನ್’ ಎಂಬ ಮಾತಿಗೂ ಕುರಿಗೂ ಈಗ ಸಂಬಂಧವೇ ಉಳಿದಿಲ್ಲ. ಹಿರಿಯೂರಿನ ಯಾವುದೇ ಫ್ಯಾನ್ಸಿ ಸ್ಟೋರಿಗೆ ಹೋಗಿ ಉಲ್ಲನ್ ಕೇಳಿದರೆ ಗುಲಾಬಿ, ಗಿಳಿಹಸಿರು, ಅರಿಶಿನ ಬಣ್ಣದ ಉಂಡೆಗಳನ್ನು ಮುಂದಿಡುತ್ತಾರೆ. ಅದು ಅಕ್ರಿಲಿಕ್, ಪೆಟ್ರೋಲಿಯಂ ಮೂಲದಿಂದ ಬಂದ ನೂಲು. ಅಂಗಡಿಯವರೂ ಕೊಳ್ಳುವವರೂ ಅದನ್ನು ಉಲ್ಲನ್ ಎಂದೇ ಕರೆಯುತ್ತಾರೆ. ಊರು ದಾಟಿದರೆ ಬೀಳು ಹೊಲಗಳಲ್ಲಿ ಕರಿ ಕುರಿಗಳ ಮಂದೆ ಮೇಯುತ್ತಿರುತ್ತದೆ. ಅವುಗಳ ಮೈಮೇಲಿರುವುದನ್ನು ಮಾತ್ರ ಯಾರೂ ಉಲ್ಲನ್ ಅನ್ನುವುದಿಲ್ಲ, ಅದು ಉಣ್ಣೆ, ಅದು ತುಪ್ಪಳ. ಒಂದೇ ಪದಾರ್ಥಕ್ಕೆ ಇರಬೇಕಾಗಿದ್ದ ಎರಡು ಹೆಸರುಗಳು ಎರಡು ಬೇರೆ ಪ್ರಪಂಚಗಳಿಗೆ ಸೇರಿಹೋಗಿವೆ. ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರಿನಲ್ಲಿ ಕೂತು ಹವ್ಯಾಸಕ್ಕೆ ಸ್ವೆಟರ್ ಹೆಣೆಯುವ ನನ್ನಂಥವರಿಗೆ ಇದು ಸುಮ್ಮನೆ ಬಿಟ್ಟುಬಿಡುವ ವಿಷಯವಲ್ಲ. ಕುರಿ ಇಲ್ಲೇ ಇದೆ, ಕಡ್ಡಿ ಕೈಯಲ್ಲಿದೆ. ನೂಲು ಮಾತ್ರ ಲುಧಿಯಾನದಿಂದ ಬರಬೇಕು. ಹೀಗೇಕಾಯಿತು?

ಮೊದಲು ಪದಗಳನ್ನೇ ನೋಡೋಣ. ನೇಯ್ಗೆಗೆ ಸಂಬಂಧಿಸಿದ ಮಾತು ಕನ್ನಡದಲ್ಲಿ ಧಾರಾಳವಾಗಿದೆ. ಹಾಸು, ಹೊಕ್ಕು, ಲಾಳಿ, ಮಗ್ಗ, ಅಂಚು, ಸೆರಗು, ಕದಿರು, ಹುರಿ. ಇವುಗಳಲ್ಲಿ ಅರ್ಧದಷ್ಟು ವಚನಕಾರರ ಕಾಲಕ್ಕೇ ಬಾಳಿನ ರೂಪಕಗಳಾಗಿಬಿಟ್ಟಿದ್ದವು. ‘ಹಾಸುಹೊಕ್ಕು’ ಅನ್ನುವಾಗ ನಾವು ಮಗ್ಗವನ್ನು ನೆನೆಯುವುದೂ ಇಲ್ಲ. ‘ಹೆಣೆ’ ಎಂಬ ಧಾತುವೂ ಹಳೆಯದೇ. ಆದರೆ ಅದು ಇದ್ದದ್ದು ಜಡೆಗೆ, ಚಾಪೆಗೆ, ಬುಟ್ಟಿಗೆ, ತೆಂಗಿನ ಗರಿಗೆ. ಎರಡು ಕಡ್ಡಿಯಲ್ಲಿ ಕುಣಿಕೆಯೊಳಗೆ ಕುಣಿಕೆ ಎಳೆಯುವ ಕೆಲಸಕ್ಕೆ ನಮ್ಮಲ್ಲಿ ಹೆಸರಿರಲಿಲ್ಲ. ಕೆಲಸವೇ ಇಲ್ಲದ ಮೇಲೆ ಹೆಸರೆಲ್ಲಿಂದ ಬರಬೇಕು? ಹೊರಗಿನಿಂದ ಬಂದ ವಿದ್ಯೆಗೆ ಜಡೆಯ ಮಾತನ್ನೇ ಕೊಟ್ಟು ‘ಹೆಣಿಗೆ’ ಎಂದೆವು. ಒಳಗಿನ ಮಾತುಗಳು ಇವತ್ತಿಗೂ ನಿಟ್, ಪರ್ಲ್ ಆಗಿಯೇ ಉಳಿದಿವೆ.

ಆ ವಿದ್ಯೆಯ ಹುಟ್ಟೂರು ಚಳಿಯ ನಾಡಲ್ಲ ಎಂಬುದು ತಮಾಷೆ. ಕಡ್ಡಿಯಲ್ಲಿ ಹೆಣೆದ ಅತಿ ಹಳೆಯ ವಸ್ತುಗಳು ಸಿಕ್ಕಿರುವುದು ಈಜಿಪ್ಟಿನಲ್ಲಿ. ನೀಲಿ ಬಿಳಿ ಹತ್ತಿಯ ಕಾಲುಚೀಲಗಳು ಅವು, ಸುಮಾರು 11ನೇ ಶತಮಾನದಿಂದ ಈಚಿನವು. ಅದಕ್ಕಿಂತ ಹಳೆಯ ಈಜಿಪ್ಟ್ ಕಾಲುಚೀಲಗಳೂ ಇವೆ, ಆದರೆ ಅವು ಒಂದೇ ಸೂಜಿಯಲ್ಲಿ ಗಂಟುಕಟ್ಟುತ್ತಾ ಹೋದ ಬೇರೆ ಬಗೆಯವು. ಅಲ್ಲಿಂದ ಯುರೋಪಿಗೆ ಹೋದ ಹೆಣಿಗೆ ಅಲ್ಲಿನ ಚಳಿಗೂ ಮೆತ್ತನೆಯ ಉಣ್ಣೆಗೂ ಒಗ್ಗಿ ಹಬ್ಬಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನೇ ಮಾಡಿದ. ರಾಣಿ ಎಲಿಜಬೆತ್ ಅದಕ್ಕೆ ಪೇಟೆಂಟ್ ಕೊಡಲಿಲ್ಲ. ಕೈಯಲ್ಲಿ ಹೆಣೆದು ಬದುಕುವವರ ಅನ್ನ ಹೋಗುತ್ತದೆಂದು ರಾಣಿ ಹೆದರಿದಳೆಂಬ ಕತೆಯನ್ನು ಎಲ್ಲ ಹೆಣಿಗೆ ಪುಸ್ತಕಗಳೂ ಹೇಳುತ್ತವೆ. ನಮ್ಮಲ್ಲಿಗೆ ಕಡ್ಡಿ ಬಂದದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ, 19ನೇ ಶತಮಾನದಲ್ಲಿ. ತಂದವರು ಮುಖ್ಯವಾಗಿ ಮಿಷನರಿ ಹೆಂಗಸರು ಮತ್ತು ದಂಡು ಪ್ರದೇಶಗಳ ಇಂಗ್ಲಿಷ್ ಸಂಸಾರಗಳು. ಬಾಲಕಿಯರ ಶಾಲೆಯಲ್ಲಿ ಓದು, ಲೆಕ್ಕದ ಜೊತೆಗೆ ಕಸೂತಿ, ಹೊಲಿಗೆ, ಹೆಣಿಗೆ. ಕೈಕೆಲಸ ಕಲಿಸುತ್ತಾರೆಂದರೆ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಅಷ್ಟು ಹಿಂಜರಿಯುತ್ತಿರಲಿಲ್ಲ. ಹೆಣ್ಣುಮಕ್ಕಳ ಓದು ಎಷ್ಟೋ ಮನೆಗಳ ಹೊಸ್ತಿಲು ದಾಟಿದ್ದು ಹೀಗೆ ಕಡ್ಡಿ, ದಾರದ ನೆಪದಲ್ಲಿ.

ಹಾಗಾದರೆ ಅಷ್ಟು ಕಾಲ ನಮ್ಮ ಉಣ್ಣೆ ಏನಾಗುತ್ತಿತ್ತು? ಕಂಬಳಿಯಾಗುತ್ತಿತ್ತು. ಅದೂ ಎಂಥ ಕಂಬಳಿ! ಫ್ರಾನ್ಸಿಸ್ ಬುಕಾನನ್ 1801ರಲ್ಲಿ ದಾವಣಗೆರೆ, ಚಿತ್ರದುರ್ಗ, ಹಿರಿಯೂರಿನ ದಾರಿಯಾಗಿ ಹಾದುಹೋದ. ಕುರಿ, ಉಣ್ಣೆ, ಕಂಬಳಿಗಳ ಬಗ್ಗೆ ಬರೆದುಕೊಂಡು ಹೋದ. ಆ ಶತಮಾನದ ಕೊನೆಯಲ್ಲಿ ಬಿ.ಎಲ್. ರೈಸ್ ಅವರ ಗೆಜೆಟಿಯರು ಮೈಸೂರು ಸೀಮೆಯ ಕಂಬಳಿಯ ಮಾತು ಬಂದಾಗ ಚಿತ್ರದುರ್ಗವನ್ನು ಬಿಡದೆ ಹೆಸರಿಸುತ್ತದೆ. ಟೊಳ್ಳು ಬಿದಿರಿನೊಳಗೆ ಸುರುಳಿ ಸುತ್ತಿ ಇಡಬಹುದಾದಷ್ಟು ನಯವಾದ ಕಂಬಳಿ ಇಲ್ಲಿ ಆಗುತ್ತಿತ್ತೆಂಬ ಮಾತೂ ಆ ಕಾಲದ ಬರಹಗಳಲ್ಲಿ ಬರುತ್ತದೆ. ಢಾಕಾ ಮಸ್ಲಿನ್ ಉಂಗುರದೊಳಗೆ ತೂರುತ್ತಿತ್ತು ಎಂಬ ಮಾತಿನ ಅಣ್ಣನೋ ತಮ್ಮನೋ ಇದು. ಬಿದಿರಿನ ಅಳತೆ ಯಾರೂ ಕೊಟ್ಟಿಲ್ಲವಾದ್ದರಿಂದ ನಾನು ಅರ್ಧ ನಂಬುತ್ತೇನೆ. ಆದರೆ ಆರು ತಿಂಗಳ ಮರಿಯ ಮೊದಲ ಕತ್ತರಿಯ ಉಣ್ಣೆಯನ್ನು ಕೈಯಲ್ಲಿ ಹಿಡಿದು ನೋಡಿದವರು ಪೂರ್ತಿ ಅಲ್ಲಗಳೆಯಲಾರರು. ದೊಡ್ಡ ಕುರಿಯ ಉಣ್ಣೆಗೂ ಅದಕ್ಕೂ ಸೆಣಬಿಗೂ ಹತ್ತಿಗೂ ಇರುವಷ್ಟು ಅಂತರ.

ಕಂಬಳಿಯ ಕೆಲಸ ಕುರಿಯನ್ನು ನೀರಿಗಿಳಿಸಿ ಮೈ ತೊಳೆಯುವುದರಿಂದ ಶುರುವಾಗುತ್ತದೆ. ವರ್ಷಕ್ಕೆ ಎರಡು ಸಲ ಕತ್ತರಿ. ಕರಿ, ಬಿಳಿ, ಕಂದು ಬೇರೆ ಮಾಡಿ ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಮಂದೆಯ ಹಿಂದೆ ನಡೆಯುತ್ತಲೇ ಕದಿರು ತಿರುಗಿಸುವ ಗಂಡಸರೂ ಇದ್ದರು. ಹಾಸಿನ ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು, ಕುಂಚದಿಂದ ಉಜ್ಜಿ ಬಿಸಿಲಿಗೆ ಬಿಡುತ್ತಾರೆ. ಆಮೇಲೆ ಗುಂಡಿ ಮಗ್ಗ. ಬಿಗಿಯಾಗಿ ನೇಯ್ದ ಬಟ್ಟೆ, ಅದರಲ್ಲಿ ಉಳಿದ ಉಣ್ಣೆಯ ಜಿಡ್ಡು, ಗಂಜಿಯ ಹದ, ಇಷ್ಟೂ ಸೇರಿ ಮಳೆಯ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಕುರುಬರ ಕೈಯ ಈ ವಸ್ತು ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲೂ ಹೆಗಲ ಮೇಲಿನದಾಯಿತು. ಮಡಿಸಿ ತಲೆಗೇರಿಸಿದರೆ ಕೊಪ್ಪೆ, ಹಾಸಿದರೆ ಹಾಸಿಗೆ, ಎರಡು ಮರಕ್ಕೆ ಕಟ್ಟಿದರೆ ಮಗುವಿನ ತೊಟ್ಟಿಲು, ದೇವರನ್ನು ಕೂರಿಸಿದರೆ ಗದ್ದುಗೆ. ಬುತ್ತಿಯನ್ನೂ ಅದರಲ್ಲೇ ಕಟ್ಟುತ್ತಿದ್ದರೆನ್ನುವುದಕ್ಕೆ ಕಂಬಳಿಯಲ್ಲಿ ಉಂಡು ಕೂದಲು ಸಿಕ್ಕಿತೆಂದು ದೂರುವವರ ಬಗೆಗಿನ ಗಾದೆಯೇ ಸಾಕ್ಷಿ.

ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಹೆಣೆದ ಅಂಗಿ ಒಂದು ಮೈಯ ಅಳತೆಗೆ ಆದದ್ದು. ಬೇರೆಯವರಿಗೆ ಆಗದು, ಬೇರೆ ಕೆಲಸಕ್ಕೆ ಬಾರದು. ಕುಣಿಕೆಗಳ ನಡುವೆ ಗಾಳಿ ನಿಲ್ಲುವುದರಿಂದ ಅದು ಬೆಚ್ಚಗಿರುತ್ತದೆ, ಮಳೆಗೆ ಮಾತ್ರ ಜರಡಿ. ಬಯಲುಸೀಮೆಯ ಕುರಿಗಾಹಿಗೆ ಬೇಕಾದದ್ದು ಬಿಸಿಲಿಗೆ ನೆರಳು, ಆಗೀಗ ಬರುವ ಬಿರುಮಳೆಗೆ ಸೂರು, ರಾತ್ರಿ ಮಂದೆಯ ಪಕ್ಕದಲ್ಲಿ ನೆಲದ ಮೇಲೊಂದು ಹಾಸು. ಎರಡು ಕಡ್ಡಿಯ ವಿದ್ಯೆ ಮೊದಲೇ ಗೊತ್ತಿದ್ದರೂ ಅವನು ಅದನ್ನು ಪಕ್ಕಕ್ಕಿಡುತ್ತಿದ್ದ ಎಂದೇ ನನ್ನ ಊಹೆ.

ಉಳಿದರ್ಧ ಉತ್ತರ ಉಣ್ಣೆಯ ಎಳೆಯಲ್ಲಿದೆ. ಅದನ್ನು ತಿಳಿಯಲು ನಾನು ಎರಡು ಚಳಿಗಾಲ ಕಡ್ಡಿ ಹಿಡಿದು ಕೂತಿದ್ದೇನೆ. ಕಂಬಳಿ ನೇಯುವ ಮನೆಯೊಂದರಿಂದ ಕೈನೂಲು ತಂದೆ. ಎಂಬತ್ತು ಕುಣಿಕೆ ಎತ್ತಿ, ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹಾಕುತ್ತಾ ಹೋದರೆ ಒಂದು ಗೇಣಿನಷ್ಟು ಬರುವಷ್ಟರಲ್ಲಿ ಚೌಕವಾಗಿರಬೇಕಿದ್ದ ತುಂಡು ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿತ್ತು. ಒದ್ದೆ ಮಾಡಿ, ಎಳೆದು, ಗುಂಡುಸೂಜಿ ಚುಚ್ಚಿ ಒಣಗಿಸಿದರೂ ಮರುದಿನ ಮತ್ತೆ ಓರೆ. ಇದು ಕೈಯ ದೋಷವಲ್ಲ, ನೂಲಿನ ಸ್ವಭಾವ. ಒಂಟಿ ಎಳೆಗೆ ಬಲವಾದ ಹುರಿ ಕೊಟ್ಟಾಗ ಆ ಹುರಿ ಬಿಚ್ಚಿಕೊಳ್ಳಲು ಸದಾ ಹವಣಿಸುತ್ತಿರುತ್ತದೆ. ಮಗ್ಗದಲ್ಲಿ ಹಾಸು ಎರಡೂ ಕಡೆಯಿಂದ ಎಳೆದು ಕಟ್ಟಿರುವುದರಿಂದ ಅದರ ಆಟ ನಡೆಯದು. ಹೆಣಿಗೆಯಲ್ಲಿ ಪ್ರತಿ ಕುಣಿಕೆಯೂ ಸಡಿಲ. ಒಂದೊಂದೂ ಒಂದಿಷ್ಟು ಹೊರಳಿ, ಇಡೀ ಬಟ್ಟೆಯೇ ಹೊರಳುತ್ತದೆ. ನೂಲು ಕೊಟ್ಟ ಅಜ್ಜಿಗೆ ತುಂಡನ್ನು ತೋರಿಸಿದಾಗ ಆಕೆ ಬೆರಳ ನಡುವೆ ಉಜ್ಜಿ ನೋಡಿ, “ಇದು ಮಗ್ಗುಕ್ಕೆ ಅಂತ ಹಾಕಿರೋ ಹುರಿ ಕಣವ್ವಾ, ನಿನ್ ಕಡ್ಡಿ ಮಾತು ಹೆಂಗ್ ಕೇಳ್ತೈತೆ?” ಎಂದರು. ಆಮೇಲೆ ಒಳಗೆ ಹೋಗಿ ಹೊಕ್ಕಿಗೆಂದು ಇಟ್ಟಿದ್ದ ನೂಲು ತಂದುಕೊಟ್ಟರು. ಹೊಕ್ಕಿನ ನೂಲಿಗೆ ಹುರಿ ಕಡಿಮೆ.

ಅದರ ಎರಡೆಳೆಗಳನ್ನು ಸೇರಿಸಿ, ನೂತ ದಿಕ್ಕಿಗೆ ಎದುರಾಗಿ ತಿರುವಿದಾಗ ಒಂದರ ಸೆಟೆ ಇನ್ನೊಂದನ್ನು ಹಿಡಿಯಿತು. ಎರಡೂ ಮೈಯಲ್ಲಿ ಬರೀ ನಿಟ್ ಸಾಲುಗಳನ್ನೇ ಹಾಕಿದಾಗ ತುಂಡು ನೆಟ್ಟಗೆ ನಿಂತಿತು. ಕಡ್ಡಿಯ ಸಂಗತಿಯೂ ಇದೆ. ಸ್ಟೀಲ್ ಕಡ್ಡಿಯಲ್ಲಿ ಅಕ್ರಿಲಿಕ್ ಜಾರುವ ಹಾಗೆ ಈ ನೂಲು ಜಾರುವುದಿಲ್ಲ, ಕುಣಿಕೆ ಕುಣಿಕೆಗೂ ತಡೆದು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಸೈಕಲ್ ಚಕ್ರದ ಕಡ್ಡಿಯ ತುದಿ ಉಜ್ಜಿ ಮಾಡಿದ ಹಳೆಯ ಜೋಡಿಯೊಂದಿದೆ, ಅದು ಮಗುವಿನ ಟೋಪಿಗೆ ಸರಿ, ಇದಕ್ಕೆ ತೀರಾ ಸಣ್ಣ. ದಪ್ಪ ಕಡ್ಡಿ ತೆಗೆದುಕೊಂಡು ಸಡಿಲವಾಗಿ ಹೆಣೆದರೆ ಮಾತ್ರ ಕೈಗೆ ನೋವಿಲ್ಲ. ಇಷ್ಟೆಲ್ಲ ಆದಮೇಲೂ ಅದು ಚುಚ್ಚುತ್ತದೆ. ಕುತ್ತಿಗೆಗೆ ಸುತ್ತಿಕೊಳ್ಳಲಾಗದು. ಮೆರಿನೊ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣದು, ನಮ್ಮ ದಖನಿ ಕುರಿಯದು ಸರಾಸರಿ 35 ದಾಟುತ್ತದೆ. ಎಷ್ಟೋ ಎಳೆಗಳ ನಡುವೆ ಟೊಳ್ಳೂ ಇರುತ್ತದೆ. ಮೆರಿನೊ ಎಳೆಯಲ್ಲಿರುವ ಗುಂಗುರು ನಮ್ಮದರಲ್ಲಿ ಕಡಿಮೆ. ಎಳೆದು ಬಿಟ್ಟರೆ ಹಿಂದಕ್ಕೆ ಬರುವ ಸ್ವೆಟರಿನ ಗುಣ ಆ ಗುಂಗುರಿನಿಂದಲೇ ಬರುವುದು.

ಕುರಿಯನ್ನೇ ಬದಲಿಸಿದರಾಯಿತಲ್ಲ ಎಂಬ ಯೋಚನೆ ಸರ್ಕಾರಗಳಿಗೆ ಬಾರದೆ ಇರಲಿಲ್ಲ. ಕಮಿಷನರ್ ಮಾರ್ಕ್ ಕಬ್ಬನ್ ಮದ್ದೂರಿನ ಹತ್ತಿರ ಮೆರಿನೊ ಟಗರುಗಳನ್ನು ತರಿಸಿ ನಾಟಿ ಕುರಿಗಳೊಂದಿಗೆ ತಳಿ ಬೆರೆಸಲು ನೋಡಿದ. ಫಲ ಕಾಣದೆ 1863ರಲ್ಲಿ ಅದನ್ನು ಕೈಬಿಟ್ಟರು. ಸ್ವಾತಂತ್ರ್ಯಾನಂತರವೂ ವಿದೇಶಿ ಟಗರುಗಳ ಪ್ರಯತ್ನ ನಡೆಯಿತು. ನಮ್ಮ ಕುರಿ ಆಯ್ಕೆಯಾಗಿದ್ದು ನಯವಾದ ಉಣ್ಣೆಗಲ್ಲ. ಬೇಸಿಗೆಯಲ್ಲಿ ಮೈಲಿಗಟ್ಟಲೆ ನಡೆದು, ಒಣ ಹುಲ್ಲು, ಜಾಲಿಕಾಯಿ ತಿಂದು ಬದುಕುವುದಕ್ಕೆ. ಚಿತ್ರದುರ್ಗದ ಬಿಸಿಲಿಗೆ ಮೆತ್ತನೆ ಕೋಟು ತೊಡಿಸಿದರೆ ಕುರಿಗೆ ಏನನ್ನಿಸೀತು ಎಂದು ಯಾರೂ ಕೇಳಿದಂತಿಲ್ಲ.

ಹೀಗಾಗಿ ಕಡ್ಡಿ ಒಂದು ದಾರಿ ಹಿಡಿಯಿತು, ಉಣ್ಣೆ ಇನ್ನೊಂದು. 1962ರ ಚೀನಾ ಯುದ್ಧದ ಹೊತ್ತಿಗೆ ಹೆಣಿಗೆ ದೇಶದ ಪೇಟೆ ಪಟ್ಟಣಗಳ ಹೆಂಗಸರ ಕೈಗೆ ಎಷ್ಟು ಒಗ್ಗಿತ್ತೆಂದರೆ, ಹಿಮಾಲಯದಲ್ಲಿ ನಡುಗುತ್ತಿದ್ದ ಜವಾನರಿಗಾಗಿ ಊರೂರುಗಳಲ್ಲಿ ಗುಂಪು ಕೂತು ಸ್ವೆಟರ್, ಕಾಲುಚೀಲ ಹೆಣೆದು ಕಳಿಸಿದರು. ನಂತರದ ದಶಕಗಳಲ್ಲಿ ಅಕ್ರಿಲಿಕ್ ಅಗ್ಗವಾಯಿತು. ಬಾಣಂತಿಯ ಸ್ಕಾರ್ಫು, ಕೂಸಿನ ಕುಲಾವಿ, ಬಾಗಿಲ ತೋರಣ, ಟಿ.ವಿ. ಮೇಲಿನ ಹೊದಿಕೆ ಎಲ್ಲವೂ ಅದರಲ್ಲೇ ಆದವು. ಅದನ್ನು ಹೀಗಳೆಯುವ ಹವ್ಯಾಸಿಗಳ ಪೈಕಿ ನಾನಲ್ಲ. ಒಗೆದರೆ ಕುಗ್ಗದು, ನುಸಿ ತಿನ್ನದು, ಹತ್ತಾರು ಬಣ್ಣ, ಕೂಲಿ ಮಾಡುವ ತಾಯಿಗೂ ಕೊಳ್ಳಲಾಗುವ ಬೆಲೆ. ಬಿಡುವಿನ ಮಧ್ಯಾಹ್ನಗಳಲ್ಲಿ ಪಕ್ಕದ ಮನೆಯ ಜಗುಲಿಯಲ್ಲಿ ಕಲಿತ ಎಷ್ಟು ವಿದ್ಯೆಗಳನ್ನು ಆ ನೂಲು ಕಾಪಾಡಿಲ್ಲ!

ಕಂಬಳಿಗೆ ಮಾತ್ರ ಅಷ್ಟು ಅದೃಷ್ಟವಿರಲಿಲ್ಲ. ಹಳೆ ಬಟ್ಟೆ ಚಿಂದಿ ಮಾಡಿ ಪಾಣಿಪತ್ತಿನಲ್ಲಿ ತಯಾರಿಸುವ ಹೊದಿಕೆ ಅದರ ಬೆಲೆಯ ಒಂದು ಪಾಲಿಗೆ ಸಂತೆಯಲ್ಲಿ ಸಿಗತೊಡಗಿತು. ಮೇಯುವ ನೆಲವೂ ಕಡಿಮೆಯಾಯಿತು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಖುದಾಪುರ ಕಡೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ, ಕೆಲವು ಉದ್ಯಮಗಳಿಗೆ ಕೊಡಲಾಯಿತು. ಗೋಡೆ ಎದ್ದಮೇಲೆ ಸುತ್ತಲಿನ ಹಳ್ಳಿಯವರು ಹಸಿರು ನ್ಯಾಯಪೀಠಕ್ಕೆ ಹೋದರು. ಅಲ್ಲಿ ನಡೆದ ವಾದವೆಲ್ಲ ಹುಲ್ಲು, ನೀರು, ಎರೆಭೂತದಂಥ ಹಕ್ಕಿ, ಭದ್ರತೆಯ ಸುತ್ತ. ಅದೇ ಹಳ್ಳಿಗಳ ಗುಂಡಿ ಮಗ್ಗಗಳಿಗೆ ಉಣ್ಣೆ ಬರುತ್ತಿದ್ದುದೂ ಆ ಹುಲ್ಲಿನಿಂದಲೇ.

ಈಗ ಕುರಿ ಸಾಕುವವರು ಮಾಂಸದ ಬೆಲೆ ನೋಡಿ ಉಣ್ಣೆಯಿಲ್ಲದ, ಮೈ ನುಣುಪಿನ ತಳಿಗಳ ಕಡೆ ಹೊರಳುತ್ತಿದ್ದಾರೆ. ಅವರ ಲೆಕ್ಕ ಸರಿಯಾಗಿದೆ, ಕತ್ತರಿ ಹಾಕುವವರಿಗೆ ಕೊಡಬೇಕಾದ ಕೂಲಿಯಷ್ಟೂ ಉಣ್ಣೆಯಿಂದ ಬರುವುದಿಲ್ಲ. ಕತ್ತರಿಸಿದ್ದನ್ನು ಬೇಲಿ ಸಾಲಿಗೆ ಬಿಸಾಡಿ ಹೋಗುವವರೂ ಇದ್ದಾರೆ. ನಾನು ಹೆಣೆದದ್ದು ಕೊನೆಗೆ ಸ್ವೆಟರ್ ಆಗಲಿಲ್ಲ. ಮೈಗೆ ತಾಗದ ವಸ್ತುವಾದರೆ ಚುಚ್ಚಿದರೇನು ಎಂದು ಅದನ್ನು ಮಡಿಸಿ, ಎರಡು ಪಕ್ಕ ಹೊಲಿದು, ಬಿಸಿನೀರಿನಲ್ಲಿ ಸೋಪು ಹಾಕಿ ಕಲ್ಲಿನ ಮೇಲೆ ತಿಕ್ಕಿದೆ. ಕುಣಿಕೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಗಟ್ಟಿಯಾಗಿ, ಸಂತೆಗೆ ಹಿಡಿದುಹೋಗುವ ಕರಿ ಚೀಲವಾಯಿತು. ಐದು ಸೇರು ರಾಗಿ ಹಿಡಿಯುತ್ತದೆ. ಅಜ್ಜಿ ಅದನ್ನು ಎತ್ತಿ, ತಿರುಗಿಸಿ, ಬಾಯಿ ಅಗಲಿಸಿ ಒಳಗೆ ನೋಡಿ, “ಅಂಚು ಕಟ್ಟಿಲ್ವಲ್ಲವ್ವಾ” ಎಂದರು. ಬಿಳಿ ನೂಲು ಕೇಳಿ ತೆಗೆದುಕೊಂಡು, ಜಗುಲಿಯಲ್ಲಿ ಕೂತು, ಕಂಬಳಿಗೆ ಹಾಕುವ ಹಾಗೆಯೇ ಬಾಯಿಯ ಸುತ್ತ ಅಂಚು ಹೊಲಿದುಕೊಟ್ಟರು.